ಬಿಯರ್ ತಯಾರಿಕೆ ಕಲಿಸುವ ಪಾಠ: ಒಂದು ಬಾರಿಗೆ ಒಂದೇ ಬದಲಾವಣೆ

ಒಮ್ಮೆ ಚೆನ್ನಾಗಿ ಬಂದ ಸರಕನ್ನು ಮತ್ತೊಮ್ಮೆ ಅದೇ ಗುಣಮಟ್ಟದಲ್ಲಿ ತಯಾರಿಸಲಾಗದಿರುವುದು ಸಣ್ಣ ಉತ್ಪಾದಕರನ್ನು ಕಾಡುವ ತೊಂದರೆಗಳಲ್ಲೊಂದು. ಗ್ರಾಹಕನು ಮೊದಲ ಸಲ ಮೆಚ್ಚುತ್ತಾನೆ, ಎರಡನೆಯ ಸಲ ದೂರುತ್ತಾನೆ, ಮೂರನೆಯ ಸಲ ಬರುವುದೇ ಇಲ್ಲ. ಇದನ್ನು ನಿವಾರಿಸುವ ಕ್ರಮವನ್ನು ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರ ಅನುಭವದಿಂದ ಅರಿಯಬಹುದಾಗಿದೆ.

ತಯಾರಿಕೆಯ ಹಂತಗಳು

ಬಿಯರ್‌ನ ಮುಖ್ಯ ಪದಾರ್ಥಗಳು ನಾಲ್ಕು: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಂದರೆ ಮಾಲ್ಟ್, ಹಾಪ್ಸ್ ಎಂಬ ಬಳ್ಳಿಯ ಹೂವು ಹಾಗೂ ಯೀಸ್ಟ್. ತರಿಯಾಗಿ ಒಡೆದ ಮಾಲ್ಟನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ ಸುಮಾರು ಒಂದು ಗಂಟೆ ಇರಿಸಿದರೆ ಅದರ ಪಿಷ್ಟವು ಸಕ್ಕರೆಯಾಗುತ್ತದೆ. ಸೋಸಿದ ಸಿಹಿ ರಸವನ್ನು ಹಾಪ್ಸ್‌ನೊಡನೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡಲಾಗುತ್ತದೆ.

ಹಾಪ್ಸ್ ಒಂದೇ ಆದರೂ ಹಾಕುವ ಹೊತ್ತಿಗೆ ತಕ್ಕಂತೆ ಫಲ ಬೇರೆಯಾಗುತ್ತದೆ. ಕುದಿಯುವ ಆರಂಭದಲ್ಲಿ ಹಾಕಿದರೆ ಕಹಿ ಹೆಚ್ಚು. ಕೊನೆಯಲ್ಲಿ ಹಾಕಿದರೆ ಪರಿಮಳ ಹೆಚ್ಚು. ಯೀಸ್ಟ್‌ನ ಪಾತ್ರವೂ ಹಿರಿದು. ಏಲ್ ಬಗೆಯ ಯೀಸ್ಟ್ 18ರಿಂದ 22 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಲಾಗರ್ ಯೀಸ್ಟ್‌ಗೆ 8ರಿಂದ 13 ಡಿಗ್ರಿ ಸಾಕು; ಆ ಬಳಿಕ ವಾರಗಟ್ಟಲೆ ಇನ್ನೂ ತಂಪಿನಲ್ಲಿ ಮಾಗಬೇಕು. ಬವೇರಿಯಾದ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು ಮತ್ತು ಲವಂಗದ ವಾಸನೆ ಬರುತ್ತದೆ. ಅವೆರಡನ್ನೂ ಅದಕ್ಕೆ ಹಾಕಿರುವುದಿಲ್ಲ. ಅದು ಯೀಸ್ಟ್‌ನ ಕೊಡುಗೆ.

ಪ್ರಯೋಗದ ಕ್ರಮ

ನುರಿತ ತಯಾರಕರು 20 ಲೀಟರ್ ರಸವನ್ನು ಒಟ್ಟಿಗೆ ಕುದಿಸಿ, ಐದೈದು ಲೀಟರಿನಂತೆ ನಾಲ್ಕು ಪಾತ್ರೆಗಳಿಗೆ ಹಂಚಿ, ಪ್ರತಿಯೊಂದಕ್ಕೂ ಬೇರೆ ಬೇರೆ ಯೀಸ್ಟ್ ಹಾಕುತ್ತಾರೆ. ಉಳಿದುದೆಲ್ಲ ಸಮಾನವಾಗಿರುವುದರಿಂದ ರುಚಿಯ ವ್ಯತ್ಯಾಸಕ್ಕೆ ಯೀಸ್ಟೇ ಕಾರಣವೆಂದು ತಿಳಿಯುತ್ತದೆ. ಯೀಸ್ಟ್ ಮತ್ತು ಹಾಪ್ಸ್ ಎರಡನ್ನೂ ಒಮ್ಮೆಗೇ ಬದಲಿಸಿದರೆ ಫಲ ಉತ್ತಮವಾದರೂ ಅದರ ಕಾರಣ ಕೈಗೆ ಸಿಗದು. ತೂಕ, ಉಷ್ಣತೆ, ವೇಳೆ ಇವನ್ನು ಪುಸ್ತಕದಲ್ಲಿ ದಾಖಲಿಸದಿದ್ದರೆ ಪ್ರಯೋಗವೇ ವ್ಯರ್ಥ.

ಈ ಶಿಸ್ತಿನ ಹಿಂದೆ ಕೋಪನ್‌ಹೇಗನ್ನಿನ ಒಂದು ಘಟನೆಯಿದೆ. ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್, ಬಿಯರ್ ಕೆಡಲು ಅನ್ಯ ಜಾತಿಯ ಕಾಡು ಯೀಸ್ಟ್‌ನ ಬೆರಕೆ ಕಾರಣವೆಂದು ಕಂಡುಕೊಂಡು, 1883ರಲ್ಲಿ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಳಕೆಗೆ ತಂದನು. ಹೀಗೆ ಪ್ರತಿ ಬಾರಿಯೂ ಒಂದೇ ರುಚಿ ಕೊಡುವುದು ಸಾಧ್ಯವಾಯಿತು.

ಮನೆಯಿಂದ ಉದ್ಯಮಕ್ಕೆ

ಅಮೆರಿಕದಲ್ಲಿ ಮನೆ ಬಳಕೆಗೆ ತೆರಿಗೆಯಿಲ್ಲದೆ ಬಿಯರ್ ತಯಾರಿಸಲು ಒಕ್ಕೂಟ ಸರ್ಕಾರ 1978ರಲ್ಲಿ ಅವಕಾಶ ನೀಡಿತು. ಕ್ಯಾಲಿಫೋರ್ನಿಯಾದ ಚಿಕೊ ಪಟ್ಟಣದಲ್ಲಿ ಮನೆ ತಯಾರಕರಿಗೆ ಸಾಮಗ್ರಿ ಮಾರುತ್ತಿದ್ದ ಕೆನ್ ಗ್ರಾಸ್‌ಮನ್, ಹಳೆಯ ಹೈನು ಉಪಕರಣಗಳನ್ನು ಹೊಂದಿಸಿಕೊಂಡು 1980ರಲ್ಲಿ ಸಿಯೆರಾ ನೆವಾಡಾ ಬ್ರೂವರಿಯ ಉತ್ಪಾದನೆ ಆರಂಭಿಸಿದರು. ಬಂಡವಾಳ ಅಲ್ಪ. ಆದರೂ ಪೇಲ್ ಏಲ್‌ನ ಆರಂಭದ ಹಲವು ಬ್ಯಾಚ್‌ಗಳು ಒಂದೇ ಸಮನಾಗಿ ಬಾರದಿದ್ದಾಗ ಅವನ್ನು ಮಾರದೆ ಚೆಲ್ಲಿಬಿಟ್ಟರು. ಕ್ಯಾಸ್ಕೇಡ್ ಹಾಪ್ಸ್‌ನ ಪರಿಮಳವಿದ್ದ ಆ ಬಿಯರೇ ಮುಂದೆ ಸಂಸ್ಥೆಯ ಹೆಸರನ್ನು ದೇಶದಾದ್ಯಂತ ಹರಡಿತು.

ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಅಧಿನಿಯಮದಡಿ ಅಪರಾಧ. ಆದ್ದರಿಂದ ಓದುಗರು ಅನುಸರಿಸಬೇಕಾದುದು ಬಿಯರನ್ನಲ್ಲ, ಅದರ ಕ್ರಮವನ್ನು. ಬೇಕರಿ ತಿನಿಸಾಗಲಿ, ಉಪ್ಪಿನಕಾಯಿಯಾಗಲಿ, ಮಸಾಲೆ ಪುಡಿಯಾಗಲಿ, ಒಂದು ಬಾರಿಗೆ ಒಂದನ್ನೇ ಬದಲಿಸಿ ದಾಖಲಿಸಿರಿ. ಹದ ತಪ್ಪಿದ ಸರಕನ್ನು ಅಂಗಡಿಗೆ ಕಳುಹಿಸದಿರಿ. ಚೆಲ್ಲಿದ ಸರಕಿನ ನಷ್ಟ ಒಂದು ದಿನದ್ದು. ಕಳೆದುಕೊಂಡ ಹೆಸರಿನ ನಷ್ಟ ವರ್ಷಗಟ್ಟಲೆಯದು.