ಇಂದಿನ ಧಮ್ಮ ಚಿಂತನೆ: ಪಾಲಿ ಪುಸ್ತಕ ತೆರೆಯುವ ಮುನ್ನ



ಬಂಧುಗಳೇ, ಕಳೆದ ಭಾನುವಾರ ಚಳ್ಳಕೆರೆಯ ನಮ್ಮ ಪಾಲಿ ಪಾಠದಲ್ಲಿ ಒಬ್ಬ ತಾಯಿ ಪುಸ್ತಕ ಮುಚ್ಚಿಟ್ಟು, "ಮೇಷ್ಟ್ರೇ, ಇದು ಓದಿದೋರ ಭಾಷೆ. ನಮ್ಮ ನಾಲಿಗೆಗೆ ಹೊರಳಲ್ಲ ಬಿಡಿ" ಅಂದರು. ನಾನು ಕನ್ನಡ ಎಂ.ಎ. ಓದಿದವನು. ಆದರೂ ಪಾಲಿಯ ವಿಭಕ್ತಿಗಳ ಪಟ್ಟಿ ಮೊದಲ ಸಲ ಕಂಡಾಗ ನನ್ನೊಳಗೂ ಇದೇ ಮಾತು ಎದ್ದಿತ್ತು.

ಇದು ನಾಲಿಗೆಯ ತೊಡಕಲ್ಲ, ಮನಸ್ಸಿನ ತೊಡಕು. ಬುದ್ಧರು ಹೇಳಿದ ಐದು ನೀವರಣಗಳಲ್ಲಿ ಕೊನೆಯದು ವಿಚಿಕಿಚ್ಛಾ, ಅಂದರೆ ಸಂಶಯ. ನಮ್ಮ ಸಂಶಯವನ್ನಂತೂ ಬೇರೆಯವರು ತಲೆಮಾರುಗಳಿಂದ ಬಿತ್ತಿದ್ದಾರೆ. ಬಾಬಾಸಾಹೇಬರು ಶಾಲೆಯಲ್ಲಿ ಸಂಸ್ಕೃತ ಕಲಿಯಬೇಕೆಂದಿದ್ದರು. ಅಸ್ಪೃಶ್ಯರೆಂದು ಅವಕಾಶ ಕೊಡಲಿಲ್ಲ; ಪರ್ಷಿಯನ್ ಓದಬೇಕಾಯಿತು. ಮುಂದೆ ಅವರು ಸಂಸ್ಕೃತವನ್ನು ಸ್ವಂತ ಶ್ರಮದಿಂದ ಕಲಿತರು, ಪಾಲಿ ನಿಘಂಟನ್ನೇ ಸಿದ್ಧಪಡಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ತ್ರಿಸರಣ, ಪಂಚಶೀಲಗಳನ್ನು ಪಾಲಿಯಲ್ಲೇ ಸ್ವೀಕರಿಸಿದರು.

ನಮ್ಮ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆಶಾಸನವಿದೆ. ಅದರ ಭಾಷೆ ಪ್ರಾಕೃತ, ಪಾಲಿಯ ಹತ್ತಿರದ ಬಂಧು. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ, ಆದರೆ ಒಂದು ವರ್ಷ ಹೆಚ್ಚು ಶ್ರಮ ಹಾಕಲಿಲ್ಲ ಎಂದು ಚಕ್ರವರ್ತಿಯೇ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಫಲ ದೊಡ್ಡವರಿಗಷ್ಟೇ ಅಲ್ಲ, ಶ್ರಮಿಸಿದರೆ ಸಣ್ಣವರಿಗೂ ಉಂಟು ಎಂದಿದ್ದಾನೆ. 2200 ವರ್ಷಗಳಿಗೂ ಹಿಂದೆ ಈ ಮಾತನ್ನು ಕೆತ್ತಿದ್ದು ನಮ್ಮ ನೆಲದ ಕಲ್ಲಿನ ಮೇಲೆ. ಹಾಗಿರುವಾಗ ಈ ಭಾಷೆ ನಮಗೆ ಪರಕೀಯವೇ?

ಆದ್ದರಿಂದ ಪಾಠಕ್ಕೆ ಮುನ್ನ ಐದು ನಿಮಿಷ ಹೀಗೆ ಕೂರೋಣ:

1. ಮೊಬೈಲ್ ದೂರವಿಟ್ಟು, ಉಸಿರು ಬಂದು ಹೋಗುವುದನ್ನು ಗಮನಿಸಿ.

2. "ನನಗೆ ಬರುತ್ತದೆಯೇ?" ಎಂಬ ಅಳುಕು ಎದ್ದರೆ ಜಗಳವಾಡಬೇಡಿ. "ಇದು ವಿಚಿಕಿಚ್ಛಾ" ಎಂದು ಗುರುತಿಸಿ. ಗುರುತು ಸಿಕ್ಕ ಕಳ್ಳ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

3. ಈಗಾಗಲೇ ಬಲ್ಲ ಒಂದು ಪದವನ್ನು ನೆನೆಯಿರಿ. ದಿನವೂ ಹೇಳುವ "ಗಚ್ಛಾಮಿ" ತೆಗೆದುಕೊಳ್ಳಿ: ಹೋಗುತ್ತೇನೆ. ಕನ್ನಡದ "ಏನೆ" ಹೇಗೋ ಪಾಲಿಯ "ಮಿ" ಹಾಗೆ. "ನಾನು" ಎಂಬುದು ಅದರೊಳಗೇ ಇದೆ.

4. ಇವತ್ತಿಗೆ ಒಂದೇ ಗುರಿ ಇಟ್ಟುಕೊಳ್ಳಿ. ಮೂರು ಪದವಾದರೂ ಸಾಕು.

ಆ ತಾಯಿಗೂ ಈ "ಮಿ"ಯನ್ನೇ ತೋರಿಸಿದೆ. "ಇಷ್ಟು ವರ್ಷ ಹೇಳಿದ್ದರೊಳಗೆ ನಾನೂ ಇದ್ದೆನಾ ಮೇಷ್ಟ್ರೇ?" ಅಂದರು. ಪುಸ್ತಕ ಮತ್ತೆ ತೆರೆದರು.

ಇಂದಿನ ಅಭ್ಯಾಸ: ತ್ರಿಸರಣ ಹೇಳುವಾಗ ಪ್ರತಿ "ಮಿ"ಯಲ್ಲೂ ನಿಮ್ಮನ್ನು ನೀವು ಕಾಣಿರಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.