ಪೆಟ್ಟಿಗೆಯೊಳಗಿನ ಆಡು

ತಂಗಿಯ ಮಗಳ ಐದನೇ ಹುಟ್ಟುಹಬ್ಬಕ್ಕೆ ಮೈಸೂರಿನ ಮನೆಯ ತಾರಸಿಯ ಮೇಲೆ ಶಾಮಿಯಾನ ಹಾಕಿಸಿ, ಜಾದು ಮಾಡುವ ಹಿರಿಯರೊಬ್ಬರನ್ನು ಕರೆಸಿದ್ದೆವು. ಅವರು ಮೊದಲು ಪೇಟದೊಳಗಿಂದ ಬಣ್ಣಬಣ್ಣದ ಕರ್ಚೀಫುಗಳನ್ನು ಎಳೆದರು. ದೊಡ್ಡವರು ಚಪ್ಪಾಳೆ ತಟ್ಟಿದರು, ಮಕ್ಕಳು ಸುಮ್ಮನೆ ನೋಡಿದರು. ಆಮೇಲೆ ಅವರು ತಮ್ಮ ಮಂತ್ರದ ಕೋಲನ್ನು ಹುಟ್ಟುಹಬ್ಬದ ಹುಡುಗಿಯ ಕೈಗೆ ಕೊಟ್ಟರು. ಅದು ಅವಳ ಕೈ ಸೇರಿದ ಕೂಡಲೇ ತುಂಡುತುಂಡಾಗಿ ಜೋತುಬಿತ್ತು. ವಾಪಸು ಇಸಿದುಕೊಂಡರೆ ನೆಟ್ಟಗೆ ನಿಂತಿತು, ಮತ್ತೆ ಕೊಟ್ಟರೆ ಮತ್ತೆ ಜೋತುಬಿತ್ತು. "ಅಯ್ಯೋ ಪುಟ್ಟಿ, ನನ್ನ ಕೋಲಿಗೆ ಏನಮ್ಮ ಮಾಡಿದೆ?" ಎಂದು ಅವರು ಅಳುಮುಖ ಮಾಡಿದಾಗ ಮಕ್ಕಳು ಬಿದ್ದುಬಿದ್ದು ನಕ್ಕರು. ಒಬ್ಬ ಹುಡುಗ ಜಮಖಾನದ ಮೇಲೆ ಉರುಳಾಡಿದ.

ಕೇಕು ಹಂಚುವಾಗ ಅವರ ಪಕ್ಕದಲ್ಲಿ ಕೂತು, ಕರ್ಚೀಫಿಗೆ ನಗದ ಮಕ್ಕಳು ಕೋಲಿಗೆ ಯಾಕೆ ನಕ್ಕರು ಎಂದು ಕೇಳಿದೆ. "ನೋಡಮ್ಮ, ಐದು ವರ್ಷದ ಮಗೂಗೆ ಪೇಟದಿಂದ ಕರ್ಚೀಫು ಬಂದರೆ ಆಶ್ಚರ್ಯ ಏನಿಲ್ಲ. ನಲ್ಲಿಯಿಂದ ನೀರು ಬರುತ್ತೆ, ಫೋನಿನಿಂದ ಅಜ್ಜಿ ಬರ್ತಾರೆ, ಪೇಟದಿಂದ ಬಟ್ಟೆ ಬಂತು. ಆದರೆ ಮಾಮನಿಗೆ ಗೊತ್ತಿಲ್ಲದ್ದು ತನಗೆ ಗೊತ್ತಾಗಿದೆ ಅಂದರೆ ಅದಕ್ಕೆ ಎಲ್ಲಿಲ್ಲದ ಖುಷಿ" ಎಂದರು. ಆ ರಾತ್ರಿಯೇ ಪುಸ್ತಕಕ್ಕೆ ಕೂತೆ. ಹುಟ್ಟುಹಬ್ಬದ ಮನೆ, ಮಂತ್ರ ಕೈಕೊಡುವ ಜಾದು ಮಾಮ, ಪುಟಪುಟಕ್ಕೂ ಚಿತ್ರ, ಉದ್ದಕ್ಕೂ ಪ್ರಾಸ.

ಮಕ್ಕಳ ಪದ್ಯಗಳನ್ನು ಎಂಟು ವರ್ಷದಿಂದ ಬರೆದುಕೊಂಡು ಬಂದಿದ್ದೆ. ಪಂಜೆಯವರನ್ನೂ ರಾಜರತ್ನಂ ಅವರ 'ತುತ್ತೂರಿ'ಯನ್ನೂ ಕಿವಿಯಿಂದಲೇ ಕಲಿತವಳು ನಾನು. ಬ್ರೌನಿಂಗನ ಕಥೆಯನ್ನು ಕುವೆಂಪು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮಾಡಿದಾಗ ಇಲಿಗಳೆಲ್ಲ ಕನ್ನಡದ ಇಲಿಗಳಾದದ್ದು ನನಗೆ ಇಂದಿಗೂ ದೊಡ್ಡ ಜಾದುವೇ. ಆ ಪದ್ಯಗಳಲ್ಲಿ ಮಾತೇ ಚಿತ್ರವನ್ನೂ ಬಿಡಿಸಬೇಕಿತ್ತು. ಅದೇ ಅಭ್ಯಾಸದಲ್ಲಿ ನಾನೂ ಮಾಮನ ಮೀಸೆ, ಬಲೂನಿನ ಬಣ್ಣ, ಅಜ್ಜಿಯ ಸೀರೆಯ ಅಂಚು ಎಲ್ಲವನ್ನೂ ತುಂಬಿ 64 ಸಾಲು ಬರೆದೆ. ಚಿತ್ರ ಬರೆಯಲು ಒಪ್ಪಿದ ಗೆಳತಿ ಓದಿ, ಹಸ್ತಪ್ರತಿಯನ್ನು ವಾಪಸು ಕೊಟ್ಟಳು. "ಎಲ್ಲಾ ನೀನೇ ಬರೆದಿದ್ದೀಯಲ್ಲೇ, ನನಗೇನು ಉಳಿಸಿದ್ದೀಯ?"

ಕೊನೆಗೆ 28 ಸಾಲು ಉಳಿಯಿತು. ಡಾ. ಸ್ಯೂಸ್ 1957ರಲ್ಲಿ 'ದಿ ಕ್ಯಾಟ್ ಇನ್ ದ ಹ್ಯಾಟ್' ಪುಸ್ತಕವನ್ನು 236 ಬೇರೆಬೇರೆ ಪದಗಳಲ್ಲೇ ಮುಗಿಸಿದರು ಎಂಬುದು ಮನಸ್ಸಿನಲ್ಲಿತ್ತು. ಆದರೆ ಕನ್ನಡದಲ್ಲಿ ಪದ ಎಣಿಸಿ ಪ್ರಯೋಜನವಿಲ್ಲ. ಪೆಟ್ಟಿಗೆ, ಪೆಟ್ಟಿಗೆಯ, ಪೆಟ್ಟಿಗೆಯಲ್ಲಿ, ಪೆಟ್ಟಿಗೆಯಿಂದ, ಹೀಗೆ ಒಂದೇ ಪದ ಬಾಲ ಬೆಳೆಸಿಕೊಂಡು ಹೋಗುತ್ತದೆ. ಹಾಗಾಗಿ ನಾನು ಮಾತ್ರೆ ಎಣಿಸಿದೆ.

ಆ ಬಾಲದಿಂದಲೇ ಇನ್ನೊಂದು ಪಾಠವೂ ಬಂತು. ನನ್ನ ಮೊದಲ ಕರಡಿನಲ್ಲಿ ಸಾಲುಗಳು ಓಡಿತು, ಹಾರಿತು, ಬಿದ್ದಿತು ಎಂದು ಮುಗಿಯುತ್ತಿದ್ದವು. ಪ್ರಾಸ ಕೂಡಿದ ಹಾಗೆ ಕಾಣುತ್ತದೆ, ನಿಜವಾಗಿ ಕೂಡಿರುವುದು ಪ್ರತ್ಯಯ ಮಾತ್ರ. ಮಗು ಮುಂದಿನ ಪದ ಊಹಿಸಲು ಅದರಿಂದ ಏನೂ ಸಿಗುವುದಿಲ್ಲ, ಏಕೆಂದರೆ ಕನ್ನಡದ ಯಾವ ಕ್ರಿಯಾಪದ ಬೇಕಾದರೂ ಅಲ್ಲಿ ಬಂದು ಕೂರಬಹುದು. ನಮ್ಮ ಹಳಬರು ಸಾಲಿನ ಕೊನೆಯನ್ನು ಬಿಟ್ಟು, ಮೊದಲ ಪದದ ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟದ್ದು ಎಷ್ಟು ಜಾಣತನ ಎಂದು ಆಗ ಹೊಳೆಯಿತು. ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಆರು ಪ್ರಾಸಗಳಿಗೆ ಅವರು ಇಟ್ಟ ಹೆಸರುಗಳನ್ನು ನೋಡಿದರೆ ಒಂದು ಮಕ್ಕಳ ಪುಸ್ತಕವೇ ಅಲ್ಲಿದೆ. ನಾನು ಎರಡೂ ಕಡೆ ಪ್ರಾಸ ಹಾಕಲು ನೋಡಿದೆ. ಹದಿನೈದು ದಿನ ಒದ್ದಾಡಿದ ಮೇಲೆ ಈ ಎರಡು ಸಾಲು ಬಂದವು:

ಪೆಟ್ಟಿಗೆ ಒಳಗಡೆ ಇಟ್ಟನು ಲಾಡು,
ತಟ್ಟನೆ ತೆರೆದರೆ ಕುಳಿತಿದೆ ಆಡು!

ನಾಲ್ಕು, ನಾಲ್ಕು, ನಾಲ್ಕು, ಕೊನೆಗೆ ಮೂರು ಮಾತ್ರೆ. ಆ ಒಂದು ಮಾತ್ರೆಯ ಬಿಡುವಿನಲ್ಲಿ ಮಗು ಉಸಿರೆಳೆದುಕೊಳ್ಳುತ್ತದೆ. ಎರಡೂ ಸಾಲಿನ ಮುಂದೆ 'ಟ್ಟ' ಎಂಬ ಒತ್ತಕ್ಷರ ಬಿದ್ದದ್ದರಿಂದ ಇದು ಹಯಪ್ರಾಸ. ಅಜ ಎಂದರೂ ಆಡೇ, ಆದರೆ ಅಜಪ್ರಾಸಕ್ಕೆ ವಿಸರ್ಗ ಬೇಕು, ಮಕ್ಕಳ ಮಾತಿನಲ್ಲಿ ವಿಸರ್ಗ ಎಲ್ಲಿಂದ ತರುವುದು?

ಲಾಡು ಏನಾಯಿತು ಎಂದು ಪದ್ಯ ಹೇಳುವುದಿಲ್ಲ. ಗೆಳತಿ ಆಡಿನ ಗಡ್ಡಕ್ಕೆ ನಾಲ್ಕೇ ನಾಲ್ಕು ಹಳದಿ ಬೂಂದಿಕಾಳು ಅಂಟಿಸಿದಳು. ಅಷ್ಟೇ ಅಲ್ಲ, ಅಲ್ಲಿಂದಾಚೆ ಪ್ರತಿ ಚಿತ್ರದಲ್ಲೂ ಆ ಆಡನ್ನು ಮಾಮನ ಬೆನ್ನ ಹಿಂದೆ ನಿಲ್ಲಿಸಿದಳು. ಪರದೆಯ ಸಂದಿನಲ್ಲಿ, ಮೇಜಿನಡಿಯಲ್ಲಿ, ಬಲೂನುಗಳ ನಡುವೆ. ಮಾಮ ಆಡನ್ನು ಹುಡುಕುತ್ತಲೇ ಇರುತ್ತಾನೆ, ಓದುವ ಮಗು ಮಾತ್ರ ನೋಡಿಬಿಟ್ಟಿರುತ್ತದೆ. ತಾರಸಿಯ ಮೇಲೆ ಆ ಹಿರಿಯರು ಹೇಳಿದ್ದನ್ನು ನನ್ನ ಸಾಲುಗಳಿಗಿಂತ ಅವಳ ಕುಂಚವೇ ಚೆನ್ನಾಗಿ ಅರ್ಥಮಾಡಿಕೊಂಡಿತ್ತು.

ಇಷ್ಟೆಲ್ಲ ಆದ ಮೇಲೆ, ಅಚ್ಚಿನಲ್ಲಿ ಕೆಟ್ಟಿತು. ನಮ್ಮದು 32 ಪುಟದ ಪುಸ್ತಕ, 16 ಪುಟದ ಎರಡು ಫಾರಂ, ನಡುವೆ ಪಿನ್ನು. ಮಗು ಪುಟ ತಿರುಗಿಸುವುದು ಬಲಗಡೆಯಿಂದ, ಅಂದರೆ ಬೆಸಸಂಖ್ಯೆಯ ಪುಟದಿಂದ. ಅದಕ್ಕೇ 'ಕುಳಿತಿದೆ' ಎಂಬಲ್ಲಿಗೆ 11ನೇ ಪುಟ ನಿಲ್ಲಿಸಿ, ತಿರುಗಿಸಿದ ಮೇಲೆ 12ನೇ ಪುಟದಲ್ಲಿ ಆಡು ಕಾಣುವಂತೆ ಇಟ್ಟಿದ್ದೆವು. ಅಚ್ಚಿಗೆ ಹೋಗುವ ಹೊತ್ತಿಗೆ ಪ್ರಕಾಶಕರು ಮುಂದುಗಡೆ ಒಂದು ಪುಟದ ಹಾರೈಕೆಯ ಮಾತು ಸೇರಿಸಿದರು, ಹಿಂದಿನ ಖಾಲಿ ಪುಟ ತೆಗೆದರು. ಲೆಕ್ಕಕ್ಕೆ 32 ಪುಟವೇ. ಆದರೆ ಎಲ್ಲವೂ ಒಂದೊಂದು ಪುಟ ಜರುಗಿ, ಪ್ರಶ್ನೆ ಎಡಕ್ಕೂ ಉತ್ತರ ಬಲಕ್ಕೂ ಬಂತು. ಪುಟ ಬಿಡಿಸಿದ ಕೂಡಲೇ ಎದುರಿಗೇ ಆಡು ಕೂತಿದೆ. ಏಳು ಕಡೆ ಹೀಗಾಯಿತು. ನನಗೆ ಕರಡು ತಿದ್ದಲು ಬಂದದ್ದು ಬಿಡಿಹಾಳೆಗಳಲ್ಲಿ, ಅಕ್ಷರ ನೋಡಿದೆ, ಪುಟ ಎಡವೋ ಬಲವೋ ನೋಡಲಿಲ್ಲ. ಐನೂರು ಪ್ರತಿಯ ಕಟ್ಟು ಮನೆಗೆ ಬಂದ ದಿನ ನಾನು ಅತ್ತೆ. ಈಗ ಯಾವ ಪುಸ್ತಕವಾದರೂ ಸರಿ, ಎ-4 ಹಾಳೆ ಮಡಚಿ, ನಡುವೆ ಹೊಲಿದು, ಸಾಲುಗಳನ್ನು ಅಂಟಿಸಿ, ಅಕ್ಕಪಕ್ಕದ ಮಕ್ಕಳ ಮುಂದೆ ತಿರುವಿ ಓದಿದ ಮೇಲೆಯೇ ಚಿತ್ರಕ್ಕೆ ಕೊಡುತ್ತೇನೆ. ಅಚ್ಚಿಗೆ ಮೊದಲು ಮತ್ತೊಮ್ಮೆ ಅದೇ ಕೆಲಸ.

ನಾನೇ ಓದಬಾರದು ಎಂಬುದೂ ತಡವಾಗಿ ತಿಳಿಯಿತು. ನನ್ನ ಸಾಲು ನನ್ನ ಬಾಯಲ್ಲಿ ಎಡವುವುದಿಲ್ಲ. ದಿನವಿಡೀ ದುಡಿದು ಬಂದು, ಕಣ್ಣು ಎಳೆಯುತ್ತಿರುವಾಗ ಮಗುವಿಗೆ ಓದಿ ಹೇಳುವ ತಾಯಿಯ ಬಾಯಲ್ಲಿ ಅದು ನಡೆಯಬೇಕು. ತಂಗಿಯ ಕೈಯಲ್ಲಿ ಓದಿಸಿದಾಗ ಅವಳು ಮೂರು ಕಡೆ ತಡವರಿಸಿದಳು. ಆ ಮೂರೂ ಕಡೆ ತಪ್ಪು ನನ್ನದೇ ಇತ್ತು, ಗುರುವನ್ನು ಲಘುವೆಂದು ಎಣಿಸಿದ್ದೆ.

ಜರುಗಿದ ಪುಟಗಳ ಆ ಪ್ರತಿಗಳಲ್ಲಿ ಕೆಲವನ್ನು ಮಂಡ್ಯದ ಕಡೆಯ ಸರ್ಕಾರಿ ಶಾಲೆಯೊಂದಕ್ಕೆ ಕೊಟ್ಟಿದ್ದೆ. ಒಂದು ದಿನ ಅಲ್ಲಿಗೆ ಹೋದಾಗ ಒಂದನೇ ತರಗತಿಯ ಮಿಸ್ ಅದನ್ನೇ ಹಿಡಿದು ನಿಂತಿದ್ದರು. ಹಳೇ ಕ್ಯಾಲೆಂಡರಿನ ಹಾಳೆಯನ್ನು ಪುಟದ ಅಳತೆಗೆ ಕತ್ತರಿಸಿ, ಬಲಗಡೆಯ ಪುಟದ ಮೇಲೆ ಮುಚ್ಚಿ, ಹೆಬ್ಬೆರಳಿನಲ್ಲಿ ಒತ್ತಿಹಿಡಿದಿದ್ದರು. "ಪೆಟ್ಟಿಗೆ ಒಳಗಡೆ ಇಟ್ಟನು ಲಾಡು, ತಟ್ಟನೆ ತೆರೆದರೆ ಕುಳಿತಿದೆ..." ಎಂದು ನಿಲ್ಲಿಸಿದರು. "ಕಾಡು!" "ಜಾಡು!" ಎಂದು ಕೂಗುಗಳು ಬಂದವು. ಹಿಂದಿನ ಸಾಲಿನಿಂದ ಯಾರೋ "ಆಡು!" ಎಂದ. ಆ ಸೀಮೆಯ ಮಾತಿನಲ್ಲಿ 'ಹ' ನಿಲ್ಲುವುದಿಲ್ಲವಲ್ಲ, ಮಿಸ್ ಕೇಳಿದರು:

"ಯಾವ ಆಡೋ, ಏಳೋದಾ, ಮೇಯೋದಾ?"

"ಏಳೋದು ಮಿಸ್!" ಎಂದು ಅವನು ಎದ್ದು ನಿಂತು ಒಂದು ಸಿನಿಮಾ ಹಾಡು ಶುರುಮಾಡಿದ. ಕ್ಲಾಸೆಲ್ಲ ಸೇರಿಕೊಂಡಿತು. ಅದು ಮುಗಿಯುವವರೆಗೆ ಮಿಸ್ ಕಾದು, "ಛೂ ಮಂತರ್" ಎಂದು ಕ್ಯಾಲೆಂಡರ್ ಎತ್ತಿದರು. ಕೂಗು ಹಂಚು ಹಾರುವಷ್ಟಿತ್ತು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಮಾತ್ರ ಕೂಗಲಿಲ್ಲ. ಎದ್ದು ಬಂದಳು, ಆಡಿನ ಗಡ್ಡದ ಮೇಲೆ ಬೆರಳಿಟ್ಟಳು, ಬೂಂದಿಕಾಳುಗಳನ್ನು ಒಂದೊಂದಾಗಿ ಎಣಿಸಿದಳು.

"ಮಿಸ್, ಮಾಮಂಗೆ ಏಳ್ಬೇಡಿ."