ಹೊಗೆಯಿಲ್ಲದ ಹೊಗೆಸೊಪ್ಪು: ಸುಣ್ಣದಿಂದ ಹೊರಟ ಎರಡು ಅವಧಿಯ ಪಾಠ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಹುಣಸೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ತರಗತಿ 10, ಘಟಕ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’. ಈ ಘಟಕವನ್ನು ನಿತ್ಯಜೀವನಕ್ಕೆ ಜೋಡಿಸಲು ಪಠ್ಯಪುಸ್ತಕವೇ ಜೇನುನೊಣದ ಕಡಿತ, ಹಲ್ಲಿನ ಹುಳುಕು, ಹೊಟ್ಟೆಯ ಆಮ್ಲೀಯತೆಯ ಉದಾಹರಣೆಗಳನ್ನು ಕೊಡುತ್ತದೆ. ಅವುಗಳ ಸಾಲಿಗೆ ನಾನು ಎಲೆಅಡಿಕೆಯ ಸುಣ್ಣವನ್ನು ಸೇರಿಸಿ, ಅಲ್ಲಿಂದ ಹೊಗೆಸೊಪ್ಪಿಗೆ ಹೋದೆ. ತಲಾ 40 ನಿಮಿಷದ ಎರಡು ಅವಧಿಗಳಲ್ಲಿ ಈ ಪಾಠ ಹೇಗೆ ಸಾಗಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಪಾಠಕ್ಕೆ ಮೂರು ದಿನ ಮುಂಚೆ ಮಕ್ಕಳಿಗೆ ಚೀಟಿ ಹಂಚಿ, ಹೆಸರು ಬರೆಯದೆ ಒಂದೇ ಪ್ರಶ್ನೆಗೆ ಉತ್ತರಿಸಲು ಹೇಳಿದ್ದೆ: ಬೀಡಿ ಸೇದುವುದಕ್ಕೂ ಕಡ್ಡಿಪುಡಿ ಹಾಕುವುದಕ್ಕೂ ವ್ಯತ್ಯಾಸವೇನು? ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯಲ್ಲಿದ್ದವು. ಬೀಡಿಯ ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ, ಕಡ್ಡಿಪುಡಿಯನ್ನು ಉಗಿದುಬಿಡುತ್ತಾರೆ, ಆದ್ದರಿಂದ ಅದು ಒಳಕ್ಕೆ ಹೋಗುವುದಿಲ್ಲ. ಒಂದು ಚೀಟಿಯಲ್ಲಿ ಎರಡೇ ವಾಕ್ಯ: ‘ನಮ್ ತಾತ ಬೀಡಿ ಬಿಟ್ಟವ್ರೆ. ಈಗ ಬರೀ ಕಡ್ಡಿಪುಡಿ.’ ಇಡೀ ಪಾಠ ಈ ಚೀಟಿಗೆ ಉತ್ತರವಾಗಬೇಕು ಎಂದು ಅವತ್ತೇ ನಿರ್ಧರಿಸಿದೆ. ‘ಬಿಟ್ಟವ್ರೆ’ ಎಂಬ ಮಾತನ್ನು ಆ ಮಗು ಹೆಮ್ಮೆಯಿಂದಲೇ ಬರೆದಿತ್ತು. ಆ ಹೆಮ್ಮೆಗೆ ನೋವಾಗದಂತೆ, ತಾತ ಇನ್ನೂ ಬಿಟ್ಟಿಲ್ಲ ಎಂಬುದನ್ನು ತಿಳಿಸುವುದು ಹೇಗೆ?

ಪಾಠ ಯೋಜನೆಯ ಚರ್ಚೆಯಲ್ಲಿ ಇದು ಜೀವಶಾಸ್ತ್ರಕ್ಕೋ ಆರೋಗ್ಯ ಶಿಕ್ಷಣಕ್ಕೋ ಸೇರಬೇಕಾದ ವಿಷಯವಲ್ಲವೇ ಎಂಬ ಮಾತು ಬಂತು. ನನಗೆ ಹಾಗೆ ಅನ್ನಿಸಲಿಲ್ಲ. ಶಾಲೆಯ ಗೋಡೆಯ ಮೇಲಿನ ತಂಬಾಕು ವಿರೋಧಿ ಚಿತ್ರಗಳನ್ನು ನೋಡಿ: ಕರಿ ಶ್ವಾಸಕೋಶ, ಮುರಿದ ಸಿಗರೇಟು. ಅಗಿಯುವ ತಂಬಾಕು ಅಲ್ಲಿ ಕಾಣುವುದೇ ಅಪರೂಪ. ಆದರೆ 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 21.4 ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆ, ಸೇದುವವರು ಶೇ. 10.7. ಹೆಂಗಸರಲ್ಲಿ ಅಂತರ ಇನ್ನೂ ದೊಡ್ಡದು, ಶೇ. 12.8 ಮತ್ತು ಶೇ. 2. ಕರ್ನಾಟಕದಲ್ಲೂ ಸೇದುವವರಿಗಿಂತ ಅಗಿಯುವವರೇ ಹೆಚ್ಚು. ‘ಉಗಿದರೆ ಒಳಗೆ ಹೋಗುವುದಿಲ್ಲ’ ಎಂಬ ತಪ್ಪು ಕಲ್ಪನೆಗೆ ಉತ್ತರ ಇರುವುದು ರಸಾಯನಶಾಸ್ತ್ರದಲ್ಲಿ. ಅದನ್ನು ಬಿಟ್ಟು ಮಾತಾಡಿದರೆ ಬರೀ ಬುದ್ಧಿವಾದವಾಗುತ್ತದೆ, ಅದನ್ನು ಈ ಮಕ್ಕಳು ಸಾಕಷ್ಟು ಕೇಳಿದ್ದಾರೆ.

ಮೊದಲ ಅವಧಿ ಅರಿಶಿನದಿಂದ ಶುರುವಾಯಿತು. ಅರಿಶಿನದ ನೀರಿಗೆ ಸುಣ್ಣ ಸೇರಿಸಿದರೆ ಏನಾಗುತ್ತದೆ ಎಂದು ಕೇಳುತ್ತಿದ್ದಂತೆ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ‘ಆರತಿ ನೀರು ಮಿಸ್’ ಎಂದರು. ಕೆಂಪಾಗುವುದನ್ನು ಅವರು ಮದುವೆಮನೆಯಲ್ಲಿ, ಬಾಣಂತಿ ಮಗುವಿಗೆ ಆರತಿ ಎತ್ತುವಾಗ ನೋಡಿದ್ದಾರೆ. ಅರಿಶಿನ ಒಂದು ಸೂಚಕ, ಸುಣ್ಣ ಪ್ರತ್ಯಾಮ್ಲ ಎಂಬುದನ್ನು ವಿವರಿಸಲು ಐದು ನಿಮಿಷವೂ ಬೇಕಾಗಲಿಲ್ಲ. ಪಿಎಚ್ ಕಾಗದದಲ್ಲಿ ಸುಣ್ಣದ ತಿಳಿನೀರು 12ರ ಆಸುಪಾಸು ತೋರಿಸಿತು.

ಆಮೇಲೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಒಂದು ಗಾಜಿನ ತಟ್ಟೆಯಲ್ಲಿ ಚಿಟಿಕೆ ನವಸಾಗರ ಇಟ್ಟು ಸುತ್ತ ತೋರಿಸಿದೆ. ವಾಸನೆ ಇಲ್ಲ. ಅದಕ್ಕೆ ಕಡಲೆಕಾಳಿನಷ್ಟು ಸುಣ್ಣ ಬೆರೆಸಿ, ಕೈಯಿಂದ ಗಾಳಿಯನ್ನು ಮೂಗಿನ ಕಡೆ ಮೆಲ್ಲಗೆ ಬೀಸಿಕೊಳ್ಳಲು ಹೇಳಿದೆ. ಮುಂದಿನ ಬೆಂಚಿನಿಂದಲೇ ಉತ್ತರ ಬಂತು: ‘ಕೊಟ್ಗೆ ವಾಸ್ನೆ ಮಿಸ್!’ ಒದ್ದೆ ಮಾಡಿದ ಅರಿಶಿನದ ಕಾಗದವನ್ನು ತಟ್ಟೆಗೆ ತಾಗದಂತೆ ಮೇಲೆ ಹಿಡಿದಾಗ ಅದೂ ಕೆಂಪಾಯಿತು. ಲವಣದೊಳಗೆ ಕಟ್ಟಿಹಾಕಿದಂತಿದ್ದ ಅಮೋನಿಯವನ್ನು ಪ್ರಬಲ ಪ್ರತ್ಯಾಮ್ಲವೊಂದು ಬಿಡಿಸಿ ಹೊರಗೆ ಕಳಿಸಿತು ಎಂಬುದನ್ನು ಕಪ್ಪುಹಲಗೆಯ ಮೇಲೆ ಸಮೀಕರಣವಾಗಿ ಬರೆದೆವು.

ಇಲ್ಲಿಗೆ ಬಂದಾಗ ಪ್ರಶ್ನೆ ಇಟ್ಟೆ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಕೂಡ ಅಮೋನಿಯದಂತೆ ದುರ್ಬಲ ಪ್ರತ್ಯಾಮ್ಲ. ಎಲೆಯೊಳಗೆ ಅದು ಹೆಚ್ಚಾಗಿ ಸಾವಯವ ಆಮ್ಲಗಳ ಜೊತೆ ಲವಣವಾಗಿ ಇರುತ್ತದೆ. ಹಾಗಾದರೆ ಹೊಗೆಸೊಪ್ಪಿನ ಜೊತೆ ಸುಣ್ಣವನ್ನು ಯಾಕೆ ಹಾಕಿಕೊಳ್ಳುತ್ತಾರೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ, ‘ಸುಣ್ಣ ಹಾಕ್ದಿದ್ರೆ ಏರಕಿಲ್ಲ ಅಂತರೆ ಮಿಸ್’ ಎಂದ. ಎಲ್ಲರೂ ನಕ್ಕರು. ನಾನು ಅವನ ವಾಕ್ಯವನ್ನೇ ಹಲಗೆಯ ಮೇಲೆ ಬರೆದು ಅದರ ಪಕ್ಕದಲ್ಲಿ ವಿವರಣೆ ಕಟ್ಟಿದೆ. ಸುಣ್ಣ ಲವಣವನ್ನು ಒಡೆದು ನಿಕೋಟಿನ್ ಅನ್ನು ಬಿಡಿಸುತ್ತದೆ. ವಿದ್ಯುದಾವೇಶವಿಲ್ಲದ ಆ ನಿಕೋಟಿನ್ ಬಾಯಿಯ ಒಳಪೊರೆಯ ಜೀವಕೋಶಗಳ ಜಿಡ್ಡಿನ ಪದರವನ್ನು ಸುಲಭವಾಗಿ ದಾಟಿ ನೇರವಾಗಿ ರಕ್ತ ಸೇರುತ್ತದೆ. ಉಗಿಯುವುದು ಸೊಪ್ಪನ್ನು. ನಿಕೋಟಿನ್ ಅಷ್ಟರಲ್ಲಿ ಒಳಗೆ ಹೋಗಿ ಆಗಿರುತ್ತದೆ.

ಸಹಪಾಠಿಗಳಿಗಾಗಿ ಒಂದು ಲೆಕ್ಕ. ನಿಕೋಟಿನ್‌ನ ಪಿಕೆಎ ಸುಮಾರು 8. ಆದ್ದರಿಂದ ಪಿಎಚ್ 7ರಲ್ಲಿ ಶೇ. 9ರಷ್ಟು, 8ರಲ್ಲಿ ಅರ್ಧ, 9ರಲ್ಲಿ ಶೇ. 91ರಷ್ಟು ಮುಕ್ತ ರೂಪದಲ್ಲಿರುತ್ತದೆ. 10ನೇ ತರಗತಿಗೆ ಈ ಲೆಕ್ಕ ಬೇಡ, ಶಿಕ್ಷಕರ ತಲೆಯಲ್ಲಿದ್ದರೆ ಸಾಕು. ಬ್ಯಾರನ್‌ನಲ್ಲಿ ಹದ ಮಾಡಿದ ಎಲೆಯಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದರಿಂದ ಅದರ ಹೊಗೆ ಸ್ವಲ್ಪ ಆಮ್ಲೀಯ. ಹಾಗಾಗಿ ಸಿಗರೇಟಿನ ನಿಕೋಟಿನ್ ಬಾಯಿಯಲ್ಲಿ ಹೆಚ್ಚು ಹೀರಲ್ಪಡುವುದಿಲ್ಲ, ಹೊಗೆಯನ್ನು ಎದೆಗೆ ಎಳೆದುಕೊಳ್ಳಬೇಕಾಗುತ್ತದೆ. ಅಲ್ಲಿಂದ ಮೆದುಳಿಗೆ ಕೆಲವೇ ಸೆಕೆಂಡುಗಳ ದಾರಿ. ಅಗಿಯುವ ತಂಬಾಕಿನ ನಿಕೋಟಿನ್ ನಿಧಾನವಾಗಿ ಏರಿ, ಹೆಚ್ಚು ಹೊತ್ತು ರಕ್ತದಲ್ಲಿ ನಿಲ್ಲುತ್ತದೆ. ದಾರಿ ಬೇರೆಯಾದರೂ ಚಟ ಹಿಡಿಸುವ ವಸ್ತು ಒಂದೇ. (ಸೇದದೆ ಅಗಿಯುವವರ ಬಾಯಲ್ಲೂ ಇದರ ಹೆಸರು ‘ಹೊಗೆಸೊಪ್ಪು’ ಎಂದೇ ಉಳಿದಿರುವುದನ್ನು ಮಕ್ಕಳೇ ಗುರುತಿಸಿ ನಕ್ಕರು.)

ಹೊಗೆಯಿಲ್ಲದೆ ನಿಕೋಟಿನ್ ಮೈ ಸೇರುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಈ ಮಕ್ಕಳ ಅನುಭವದಲ್ಲೇ ಇತ್ತು. ಮಳೆ ಬಿದ್ದ ಬೆಳಿಗ್ಗೆ ಹಸಿ ಸೊಪ್ಪು ಕೀಳಲು ಹೋದವರಿಗೆ ತಲೆ ಸುತ್ತುವುದು, ಹೊಟ್ಟೆ ತೊಳಸುವುದು, ವಾಂತಿಯಾಗುವುದು ಇದೆಯೇ ಎಂದು ಕೇಳಿದಾಗ ಎದ್ದ ಕೈಗಳು ಕಡಿಮೆಯಲ್ಲ. ‘ನಮ್ಮವ್ವ ಅವತ್ತು ಊಟನೇ ಮಾಡಕಿಲ್ಲ’ ಎಂದಳು ಒಬ್ಬಳು. ಬಿಸಿಲಿನ ಬಳಲಿಕೆ, ಹಸಿವು ಎಂದೇ ಅವರು ತಿಳಿದಿದ್ದರು. ಒದ್ದೆ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ಒಳಸೇರುವುದರಿಂದ ಆಗುವ ತೊಂದರೆ ಇದು. ಹಸಿ ತಂಬಾಕು ಕಾಯಿಲೆ ಎಂದು ವೈದ್ಯರು ಗುರುತಿಸಿದ್ದಾರೆ. ಕೈಗವಸು, ಪೂರ್ತಿ ತೋಳಿನ ಅಂಗಿ, ಎಲೆ ಆರಿದ ಮೇಲೆ ಕೀಳುವುದು, ಕೆಲಸವಾದ ಕೂಡಲೇ ಸೋಪು ಹಚ್ಚಿ ತೊಳೆಯುವುದು ಸಹಾಯಕ. ಇದು ನನ್ನ ಪಾಠ ಯೋಜನೆಯಲ್ಲಿ ಒಂದು ಸಾಲಾಗಿತ್ತು, ತರಗತಿಯಲ್ಲಿ ಹತ್ತು ನಿಮಿಷ ತೆಗೆದುಕೊಂಡಿತು. ಆ ಹತ್ತು ನಿಮಿಷವನ್ನು ಮತ್ತೆ ಕೊಡಲು ನಾನು ಸಿದ್ಧ.

ಆಗಲೇ ಒಬ್ಬ ಹುಡುಗ ಕೇಳಿದ: ‘ಹಂಗಾರೆ ನಾವು ಬೆಳೆಯೋದು ತಪ್ಪಾ ಮಿಸ್?’ ಹೊಗೆಸೊಪ್ಪು ಬೆಳೆಯುವ ಊರಿನಲ್ಲಿ ಈ ಪಾಠ ಮಾಡುವವರು ಈ ಪ್ರಶ್ನೆಗೆ ತಯಾರಾಗಿಯೇ ಹೋಗಬೇಕು. ನಿಮ್ಮಪ್ಪ ತಂಬಾಕು ಮಂಡಳಿಯ ಪರವಾನಗಿ ಪಡೆದು, ಸಾಲ ಮಾಡಿ, ರಾತ್ರಿ ನಿದ್ದೆಗೆಟ್ಟು ಬ್ಯಾರನ್ ಕಾಯುವವರು, ಅವರ ಮೇಲೆ ತೀರ್ಪು ಕೊಡಲು ನಾನು ಬಂದಿಲ್ಲ ಎಂದೆ. ಬೇರೆ ಬೆಳೆಗೆ ಹೋಗುವವರಿಗೆ ಸರ್ಕಾರ ನೆರವಾಗಬೇಕೆಂಬ ಮಾತು ಭಾರತ 2004ರಲ್ಲಿ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದಲ್ಲೇ ಇದೆ ಎಂದೂ ಹೇಳಿದೆ. ಉಳಿದ ಚರ್ಚೆಯನ್ನು ಸಮಾಜ ವಿಜ್ಞಾನದ ಶಿಕ್ಷಕರಿಗೆ ಒಪ್ಪಿಸಿದೆ, ಅವರು ಒಪ್ಪಿಕೊಂಡರು.

ಎರಡನೆಯ ಅವಧಿಯಲ್ಲಿ ಹೋಲಿಕೆ. ಸೇದುವುದರಿಂದ ಶ್ವಾಸಕೋಶದ ಕ್ಯಾನ್ಸರ್, ಉಬ್ಬಸದಂಥ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಹೃದಯಾಘಾತ. ಜೊತೆಗೆ ಪಕ್ಕದಲ್ಲಿ ಕೂತವರಿಗೂ ಹೊಗೆ. ಅಗಿಯುವುದರಿಂದ ಬಾಯಿ, ಅನ್ನನಾಳ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆರಹಿತ ತಂಬಾಕಿನಲ್ಲಿ 28 ಕ್ಯಾನ್ಸರ್‌ಕಾರಕಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಮುಖ್ಯವಾದ ನೈಟ್ರೊಸಮೈನ್‌ಗಳು ಹುಟ್ಟಲು ಬೆಂಕಿ ಬೇಕಿಲ್ಲ, ಎಲೆ ಹದವಾಗುವಾಗ, ದಾಸ್ತಾನಿನಲ್ಲಿರುವಾಗಲೇ ರೂಪುಗೊಳ್ಳುತ್ತವೆ. ಅಡಿಕೆಯನ್ನೂ ಅದೇ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕ ಎಂದು ಘೋಷಿಸಿತು. ಬಾಯಿ ಕ್ರಮೇಣ ಬಿಗಿದು ತೆರೆಯಲಾಗದ ಕಾಯಿಲೆಗೆ ಮುಖ್ಯ ಕಾರಣ ಅಡಿಕೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾದರೂ ಪಾನ್ ಮಸಾಲಾ, ತಂಬಾಕಿನ ಪೊಟ್ಟಣಗಳನ್ನು ಬೇರೆ ಬೇರೆ ಕೊಂಡು ಬೆರೆಸಿಕೊಳ್ಳುವುದನ್ನು ಮಕ್ಕಳು ನನಗಿಂತ ಚೆನ್ನಾಗಿ ವಿವರಿಸಿದರು.

‘ಹಂಗಾರೆ ಯಾವ್ದು ಕಮ್ಮಿ ಮಿಸ್?’ ಈ ಪ್ರಶ್ನೆ ಬಂದೇ ಬರುತ್ತದೆ. ಎರಡೂ ಒಂದೇ ಎಂದುಬಿಡುವುದು ಸುಲಭ, ಆದರೆ ಅದು ನಿಜವಲ್ಲ. ಶ್ವಾಸಕೋಶದ ಮಟ್ಟಿಗೆ ಸೇದುವುದೇ ಹೆಚ್ಚು ಕೆಡುಕು. ಸ್ವೀಡನ್ನಿನ ಸ್ನೂಸ್ ಎಂಬ, ನೈಟ್ರೊಸಮೈನ್ ಕಡಿಮೆ ಇರುವ ತಂಬಾಕನ್ನು ಬಳಸುವವರಿಗೆ ಅಪಾಯ ಸೇದುವವರಿಗಿಂತ ಬಹಳ ಕಡಿಮೆ ಎಂಬುದೂ ನಿಜ. ಆದರೆ ನಮ್ಮ ಅಂಗಡಿಯ ಪೊಟ್ಟಣ ಸ್ನೂಸ್ ಅಲ್ಲ. ಅದರಲ್ಲಿ ಅಡಿಕೆ, ಸುಣ್ಣ ಸೇರುತ್ತವೆ, ಅದರ ನೈಟ್ರೊಸಮೈನ್ ಎಷ್ಟೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಬಾಯಿ ಕ್ಯಾನ್ಸರ್ ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲೊಂದು. ಹೀಗೆ ಇದ್ದದ್ದನ್ನು ಇದ್ದಂತೆ ಹೇಳಿದಾಗ ಮಕ್ಕಳು ‘ಕಮ್ಮಿ’ಯ ಕಡೆ ವಾಲಿಬಿಡುತ್ತಾರೆ ಎಂಬ ಆತಂಕ ವೀಕ್ಷಕರಿಗಿತ್ತು. ಹಾಗಾಗಲಿಲ್ಲ. ಒಬ್ಬಳು ಸಂಗ್ರಹಿಸಿ ಹೇಳಿದಳು: ‘ತಾತ ಜಾಗ ಬದ್ಲಾಯ್ಸವ್ರೆ, ಬಿಟ್ಟಿಲ್ಲ.’ ಚೀಟಿ ಬರೆದದ್ದು ಅವಳೋ ಬೇರೆಯವರೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ.

ಬಿಡುವುದರ ಬಗ್ಗೆ ಹೇಳಲು ನನ್ನ ಕೈಯಲ್ಲಿದ್ದದ್ದು ಮತ್ತೆ ಆಮ್ಲ-ಪ್ರತ್ಯಾಮ್ಲವೇ. ತಂಬಾಕು ಬಿಡುವವರಿಗೆ ಔಷಧಿ ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್‌ನಲ್ಲಿ ಸೋಡಿಯಂ ಕಾರ್ಬೊನೇಟ್‌ನಂಥ ಕ್ಷಾರೀಯ ಲವಣ ಸೇರಿಸಿರುತ್ತಾರೆ. ಯಾಕೆ? ಈ ಬಾರಿ ಉತ್ತರಕ್ಕೆ ಕಾಯಬೇಕಾಗಲಿಲ್ಲ: ‘ಸುಣ್ಣದ ಕೆಲ್ಸ ಅದು ಮಾಡ್ತದೆ ಮಿಸ್.’ ಕ್ಯಾನ್ಸರ್‌ಕಾರಕ ಸೊಪ್ಪಿಲ್ಲದೆ ಸ್ವಲ್ಪ ನಿಕೋಟಿನ್ ಮಾತ್ರ ಕೊಟ್ಟು, ವಾರಗಳು ಕಳೆದಂತೆ ಕಡಿಮೆ ಮಾಡುತ್ತಾ ಹೋಗುವುದು ಅದರ ಉಪಾಯ. ಅದನ್ನು ಅಗಿಯಲು ಶುರುಮಾಡುವ 15 ನಿಮಿಷ ಮುಂಚಿನಿಂದ ಕಾಫಿ, ನಿಂಬೆ ಪಾನಕ, ಸೋಡಾ ಕುಡಿಯಬಾರದು ಎಂಬ ಸೂಚನೆಗೂ ಕಾರಣವನ್ನು ಮಕ್ಕಳೇ ಕೊಟ್ಟರು. ಇದನ್ನು ವೈದ್ಯರ ಸಲಹೆಯಿಂದ ದೊಡ್ಡವರು ಬಳಸುವುದು ಎಂದು ಒತ್ತಿ ಹೇಳಿದೆ.

ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು, ನಿದ್ದೆಗೇಡು, ಮನಸ್ಸು ನಿಲ್ಲದಿರುವುದು ಹೆಚ್ಚು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಬೇಕೆನ್ನಿಸುವ ಒಂದೊಂದು ಅಲೆಯೂ ಕೆಲವು ನಿಮಿಷದ್ದು. ತಾತ ರೇಗಿದರೆ ‘ಇದು ಮೂರನೇ ದಿನ’ ಎಂದು ಮೊಮ್ಮಕ್ಕಳು ಲೆಕ್ಕ ಹಾಕಬಹುದು. ನೀರು ಕೊಡುವುದು, ಸೋಂಪು ಕೊಡುವುದು, ಹೊಲದ ಕಡೆ ಜೊತೆಗೆ ನಡೆಯುವುದು ಮನೆಯವರ ಕೈಲಾದ ಕೆಲಸ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಒಟ್ಟಿಗೆ ಹೋಗದಷ್ಟು ಬಾಯಿ ಬಿಗಿತ ಕಂಡರೆ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಈ ಸಂಖ್ಯೆ ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಹಲಗೆ ಒರೆಸುವ ನೆಪದಲ್ಲಿ ಉಳಿದುಕೊಂಡ. ‘ಆ ನಂಬರ್‌ಗೆ ಹದಿನೈದು ವರ್ಸದೋರು ಮಾಡ್ಬೋದಾ ಮಿಸ್?’ ಎಂದ. ಮಾಡಬಹುದು, ದುಡ್ಡು ಹೋಗುವುದಿಲ್ಲ ಎಂದೆ. ಯಾರಿಗೆ ಎಂದು ಕೇಳಲಿಲ್ಲ. ಬೇಕಾದರೆ ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದು ಮಾತ್ರ ಹೇಳಿದೆ. ಅವನು ಸಂಖ್ಯೆಯನ್ನು ಗಣಿತದ ಪುಸ್ತಕದ ರಟ್ಟಿನ ಒಳಬದಿಗೆ ಬರೆದುಕೊಂಡ, ಸಂಖ್ಯೆ ಒರೆಸದೆಯೇ ಹೋದ. ಈ ಬಗ್ಗೆ ಹೆಸರು ಹೇಳದೆ ಮಾರ್ಗದರ್ಶಕ ಶಿಕ್ಷಕರ ಸಲಹೆ ಕೇಳಿದೆ. ಅವರು ಮರುದಿನ ಆ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿ, ಯಾರು ಓದುತ್ತಿದ್ದಾರೆಂದು ಯಾರೂ ಗಮನಿಸದ ಜಾಗದಲ್ಲಿ, ನೀರಿನ ನಲ್ಲಿಯ ಪಕ್ಕ ಅಂಟಿಸಿದರು.

ಇದೇ ಪಾಠ ಮಾಡುವವರಿಗೆ ಇನ್ನು ಕೆಲವು ಮಾತು. ಪ್ರದರ್ಶನಕ್ಕೆಂದೂ ತಂಬಾಕನ್ನು ಶಾಲೆಯೊಳಗೆ ತರಬೇಡಿ, ನವಸಾಗರ ಸಾಕು. ಸುಣ್ಣವನ್ನು ಮಕ್ಕಳ ಕೈಗೆ ಕೊಡದೆ ಚಮಚದಲ್ಲಿ ನೀವೇ ಬೆರೆಸಿ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ತೊಳೆಯಲು ಬಕೆಟ್ ನೀರು ಪಕ್ಕದಲ್ಲಿರಲಿ. ಮನೆಯಲ್ಲಿ ಯಾರು ಬಳಸುತ್ತಾರೆ ಎಂದು ಕೈ ಎತ್ತಿಸಬೇಡಿ. ಅರಿಶಿನದ ಕಾಗದವನ್ನು ಹಿಂದಿನ ರಾತ್ರಿಯೇ ನೆರಳಲ್ಲಿ ಒಣಗಿಸಿಟ್ಟುಕೊಂಡರೆ ತರಗತಿಯಲ್ಲಿ ಹೊತ್ತು ಉಳಿಯುತ್ತದೆ.